ಮೇಳದ ಮುಂದೆ ನಡೆದವನು

ಕಲಾವಿದನ ಚರಿತ್ರೆಯನ್ನು ಬರೆಯಹೊರಟವನಿಗೆ ಎರಡು ಪ್ರಲೋಭನಗಳು ಎದುರಾಗುತ್ತವೆ. ಚರಿತ್ರನಾಯಕನನ್ನು ದೇವರ ಪೀಠಕ್ಕೇರಿಸುವುದು ಒಂದು. ಆತನ ಕಡೆಯ ದಿನವನ್ನೇ ಆತನ ಬಾಳೆಂದು ತಿಳಿಯುವುದು ಇನ್ನೊಂದು. ಅಲ್ಪಾಯುಗಳಾಗಿ ಅಳಿದವರ ವಿಷಯದಲ್ಲಿ ಎರಡನೆಯದು ಹೆಚ್ಚು ಬಲವಾದುದು. ಅಮೇರಿಕದ ಫ್ಲಾರಿಡಾ ರಾಜ್ಯದಲ್ಲಿ 2011ರ ನವೆಂಬರ್ 19ರಂದು, ತನ್ನ 26ನೆಯ ವಯಸ್ಸಿನಲ್ಲಿ, ಸಂಗಡಿಗರ ಹೊಡೆತಕ್ಕೆ ಸಿಕ್ಕಿ ಮಡಿದ ರಾಬರ್ಟ್ ಚಾಂಪಿಯನ್ ಎಂಬ ವಾದ್ಯಗಾರನ ಕಥೆಗೆ ಈ ಎರಡು ದೋಷಗಳೂ ತಟ್ಟಿವೆ. ನಮ್ಮ ಕಾಲೇಜುಗಳಲ್ಲಿ ರ‍್ಯಾಗಿಂಗ್ ಎಂದೂ ಆ ದೇಶದಲ್ಲಿ ಹೇಜಿಂಗ್ ಎಂದೂ ಹೆಸರಾದ ಪೀಡನೆಯ ಆಚಾರಕ್ಕೆ ಆತನು ವಿರೋಧಿಯಾಗಿದ್ದನು. ಆದರೂ ಅದಕ್ಕೇ ಬಲಿಯಾದನು. ಈ ತೊಡಕನ್ನು ಬಿಡಿಸದೆ ಆತನ ಬಾಳನ್ನು ಹೇಳಲಾಗದೆಂಬುದು ನಮ್ಮ ಅಭಿಮತ.

ಮೊದಲು ಆತನಿದ್ದ ಮೇಳದ ಪರಿಚಯ ಅಗತ್ಯ. ಟ್ಯಾಲಹಾಸಿ ನಗರದ ಫ್ಲಾರಿಡಾ ಎ. ಅಂಡ್ ಎಂ. ವಿಶ್ವವಿದ್ಯಾಲಯವು, ಬಿಳಿಯರ ಶಾಲೆಗಳ ಬಾಗಿಲು ಮುಚ್ಚಿದ್ದ ಕಾಲದಲ್ಲಿ, ಕಪ್ಪು ಜನಾಂಗದ ವಿದ್ಯಾರ್ಥಿಗಳಿಗಾಗಿ 1887ರಲ್ಲಿ ಆರಂಭವಾದ ಸಂಸ್ಥೆ. ಅಲ್ಲಿಯ ವಾದ್ಯಮೇಳವನ್ನು 1946ರಿಂದ ಮೊದಲ್ಗೊಂಡು ಹಲವು ದಶಕಗಳ ಕಾಲ ಕಟ್ಟಿ ಬೆಳೆಸಿದವರು ವಿಲಿಯಂ ಪಿ. ಫೋಸ್ಟರ್. ‘ಮಾರ್ಚಿಂಗ್ ಹಂಡ್ರೆಡ್’ ಎಂಬ ಅದರ ಹೆಸರಿನಲ್ಲಿ ನೂರೇ ಇದ್ದರೂ ಮೇಳದಲ್ಲಿ ನೂರಾರು ಮಂದಿ. ಕಹಳೆ ಡೋಲುಗಳನ್ನು ಹೊತ್ತು, ನುಡಿಸುತ್ತ, ಕುಣಿಯುತ್ತ ಮೈದಾನದಲ್ಲಿ ಸಾಗುವ ಈ ಮೇಳವು ನಿಮಿಷಕ್ಕೆ 20 ಹೆಜ್ಜೆಗಳ ವಿಲಂಬದಿಂದ 300ಕ್ಕೂ ಮಿಕ್ಕ ದ್ರುತಕ್ಕೆ ಏರಬಲ್ಲುದು. ಫ್ರೆಂಚ್ ಮಹಾಕ್ರಾಂತಿಗೆ ಇನ್ನೂರು ವರ್ಷಗಳು ತುಂಬಿದ 1989ರ ಉತ್ಸವದಲ್ಲಿ ಇದು ಪ್ಯಾರಿಸಿನ ಬೀದಿಯಲ್ಲಿ ನಡೆಯಿತು. ದಾಸ್ಯದಿಂದ ಬಿಡುಗಡೆಯಾದವರ ಮಕ್ಕಳು ಮೊಮ್ಮಕ್ಕಳು ಮೈಯನ್ನೂ ನಾದವನ್ನೂ ಒಂದು ಮಾಡಿ, ತಮ್ಮ ಗೌರವವನ್ನು ಲೋಕದ ಮುಂದೆ ತಾವೇ ಎತ್ತಿ ನಿಲ್ಲಿಸಿದ ಕಲೆ ಇದು. ಹಾಗಿರುವುದರಿಂದಲೇ ಅದರ ಒಳಗಿನ ಹುಣ್ಣು ನಮ್ಮನ್ನು ಹೆಚ್ಚು ನೋಯಿಸುತ್ತದೆ.

ಚಾಂಪಿಯನ್ ಬೆಳೆದುದು ಜಾರ್ಜಿಯಾ ರಾಜ್ಯದಲ್ಲಿ, ಅಟ್ಲಾಂಟಾ ಪಟ್ಟಣದ ನೆರೆಯ ಡಿಕೇಟರ್ ಎಂಬಲ್ಲಿ. ಆತನ ವಾದ್ಯ ಕ್ಲಾರಿನೆಟ್. ಮುಂದೆ ಆತನು ಮೇಳದ ‘ಡ್ರಂ ಮೇಜರ್’ಗಳಲ್ಲಿ ಒಬ್ಬನಾದನು. ಡ್ರಂ ಮೇಜರ್ ಎಂದರೆ ಡೋಲು ಬಡಿಯುವವನಲ್ಲ. ಎತ್ತರದ ಟೊಪ್ಪಿಗೆ ಧರಿಸಿ, ಕೈಯಲ್ಲಿ ದಂಡ ಹಿಡಿದು, ಮೇಳದ ಮುಂದೆ ನಡೆಯುತ್ತ ಎಲ್ಲರ ಹೆಜ್ಜೆಗೂ ಕಾಲಪ್ರಮಾಣವನ್ನು ಕೊಡುವವನು ಆತ. ನಮ್ಮ ಯಕ್ಷಗಾನದಲ್ಲಿ ಭಾಗವತನನ್ನು ಒಂದನೆಯ ವೇಷವೆನ್ನುವುದು ವಾಚಕರಿಗೆ ತಿಳಿದೇ ಇದೆ. ವೇಷ ಕಟ್ಟದಿದ್ದರೂ ಆತನ ಜಾಗಟೆಯ ತಾಳಕ್ಕೆ ಎಲ್ಲ ವೇಷಗಳೂ ಕುಣಿಯಬೇಕು. ಡ್ರಂ ಮೇಜರನ ಪದವಿಯೂ ಅಂಥದೇ. ಆದರೆ ತಾಳವೆಂಬುದು ಬಲಾತ್ಕಾರದಿಂದ ಬರತಕ್ಕ ವಸ್ತುವಲ್ಲ. ಹಿಂದಿನವರು ಮನಃಪೂರ್ವಕವಾಗಿ ಒಪ್ಪಿದಾಗ ಮಾತ್ರ ಮುಂದಿನವನ ದಂಡಕ್ಕೆ ಅರ್ಥ ಬರುತ್ತದೆ. ಒಪ್ಪದಿದ್ದರೆ ಅದು ಬರಿಯ ಕೋಲು.

ಈ ಒಪ್ಪಿಗೆಯನ್ನು ಯಾರು ಕೊಡಬೇಕು, ಯಾವ ಬೆಲೆಗೆ ಕೊಡಬೇಕು ಎಂಬುದನ್ನು ಮೇಳದೊಳಗಿನ ಒಂದು ಗುಪ್ತಾಚಾರವು ನಿರ್ಣಯಿಸುತ್ತಿತ್ತು. 1998ರಲ್ಲಿಯೂ 2001ರಲ್ಲಿಯೂ ಇದೇ ಮೇಳದ ಇಬ್ಬರು ವಾದಕರು ಹಲಗೆಯ ಪೆಟ್ಟು ತಿಂದು, ಮೂತ್ರಪಿಂಡಗಳು ಕೆಟ್ಟು ಆಸ್ಪತ್ರೆ ಸೇರಿದ್ದರು. ಆಚಾರವು ಅಷ್ಟಕ್ಕೆ ನಿಲ್ಲಲಿಲ್ಲ. ಆರ್ಲಾಂಡೊ ನಗರದಲ್ಲಿ ವಾರ್ಷಿಕ ಫುಟ್‌ಬಾಲ್ ಪಂದ್ಯದ ಪ್ರದರ್ಶನ ಮುಗಿದ ರಾತ್ರಿ, ಹೋಟೆಲಿನ ಅಂಗಳದಲ್ಲಿ ನಿಂತಿದ್ದ ‘ಸಿ’ ಬಸ್ಸಿನಲ್ಲಿ, ಚಾಂಪಿಯನ್ ಮುಂಬಾಗಿಲಿನಿಂದ ಹಿಂದಿನ ಗೋಡೆಯವರೆಗೆ ಹೊಡೆತಗಳ ನಡುವೆ ಹಾದುಹೋಗಬೇಕಾಯಿತು. ಕೈಕಾಲುಗಳ ಜೊತೆಗೆ ಡೋಲಿನ ಕೋಲುಗಳೂ ಆತನ ಮೇಲೆ ಬಿದ್ದುವು. ಸ್ವಲ್ಪ ಹೊತ್ತಿನಲ್ಲಿಯೇ ಆತನು ಕುಸಿದನು. ಪೆಟ್ಟುಗಳಿಂದ ಮಾಂಸಖಂಡಗಳೊಳಗೆ ಆದ ರಕ್ತಸ್ರಾವವೇ ಸಾವಿಗೆ ಕಾರಣವೆಂದು ವೈದ್ಯರ ಪರೀಕ್ಷೆಯಿಂದ ತಿಳಿದು, ಅದು ನರಹತ್ಯೆಯೆಂದು ನಿರ್ಣಯವಾಯಿತು.

ಇನ್ನು ತೊಡಕಿಗೆ ಬರೋಣ. ಆತನು ಈ ಆಚಾರಕ್ಕೆ ವಿರೋಧಿಯಾಗಿದ್ದನೆಂದು ಹೆತ್ತವರು ಹೇಳಿದ್ದಾರೆ. ಗೌರವವನ್ನು ಸಂಪಾದಿಸಬೇಕೆಂದು ಆತನು ತಾನಾಗಿಯೇ ಬಸ್ಸನ್ನು ಹತ್ತಿದನೆಂದು ಆರೋಪಿಗಳ ಕಡೆಯವರು ನ್ಯಾಯಾಲಯದಲ್ಲಿ ವಾದಿಸಿದರು. ಇವೆರಡರಲ್ಲಿ ಒಂದು ನಿಜವಾದರೆ ಇನ್ನೊಂದು ಸುಳ್ಳಾಗಬೇಕೆಂದು ಹಲವರು ಎಣಿಸಿದರು. ಭಕ್ತಿಯಿಂದ ಬರೆದವರು ಬಸ್ಸಿನ ಪ್ರಸ್ತಾಪವನ್ನು ಮಬ್ಬು ಮಾಡಿ ಆತನನ್ನು ಕೇವಲ ಹುತಾತ್ಮನನ್ನಾಗಿಸಿದರು. ಸಂಶಯದಿಂದ ಬರೆದವರು ಹೋದದ್ದೇಕೆಂದು ಕೇಳಿ ಕೈತೊಳೆದುಕೊಂಡರು. ಇಬ್ಬರಿಗೂ ಮನುಷ್ಯಸ್ವಭಾವದ ಪರಿಚಯ ಸಾಲದೆಂದು ಹೇಳಬೇಕಾಗಿದೆ. ಒಂದು ಅನ್ಯಾಯವನ್ನು ದ್ವೇಷಿಸುವುದಕ್ಕೂ, ತಾನು ಪ್ರಾಣದಂತೆ ಪ್ರೀತಿಸಿದ ಕಲೆಯ ಬಳಗದಿಂದ ಹೊರಗುಳಿಯಲು ಅಂಜುವುದಕ್ಕೂ ಒಂದೇ ಎದೆಯಲ್ಲಿ ಎಡೆಯುಂಟು. ಮೇಳದ ಮುಂದೆ ನಡೆಯಬೇಕಾದವನಿಗೆ ಮೇಳದ ಮನ್ನಣೆ ಬೇಕು. ಪೆಟ್ಟು ತಿನ್ನದವನಿಗೆ ಮನ್ನಣೆಯಿಲ್ಲವೆಂದು ಮೇಳವು ವಿಧಿಸಿದರೆ, ಆತನ ‘ಒಪ್ಪಿಗೆ’ ಎಂಬುದು ಬಾಗಿಲು ಮುಚ್ಚಿದ ಮನೆಯಲ್ಲಿ ಕುಳಿತವನು ಒಳಗಿರಲು ಒಪ್ಪಿದಂತೆಯೇ ಸರಿ. ಆತನು ಬಸ್ಸನ್ನು ಹತ್ತಿದುದರಿಂದ ಆತನ ವಿರೋಧವು ಸುಳ್ಳಾಗುವುದಿಲ್ಲ. ಆ ಆಚಾರದ ಹಿಡಿತ ಎಷ್ಟು ಬಿಗಿಯಾಗಿತ್ತೆಂಬುದು ಮಾತ್ರ ಅದರಿಂದ ಗೊತ್ತಾಗುತ್ತದೆ.

ಈ ಅಂಶದಲ್ಲಿ ಪತ್ರಿಕೆಗಳಿಗಿಂತ ಕಾನೂನೇ ಉತ್ತಮ ವಿಮರ್ಶಕನ ಕೆಲಸ ಮಾಡಿದೆ. ತೀವ್ರವಾದ ಗಾಯ ಅಥವಾ ಮರಣಕ್ಕೆ ಕಾರಣವಾಗುವ ಪೀಡನೆಯನ್ನು ಘೋರಾಪರಾಧವೆಂದು ಗಣಿಸಿದ ಫ್ಲಾರಿಡಾದ 2005ರ ಶಾಸನದಂತೆ, ಪೀಡಿತನು ಒಪ್ಪಿದ್ದನೆಂಬುದು ಪೀಡಕನಿಗೆ ರಕ್ಷಣೆಯಾಗಲಾರದು. 2014ರಲ್ಲಿ ಮೇಳದ ಒಬ್ಬ ಮಾಜಿ ಸದಸ್ಯನು ಅಪರಾಧಿಯೆಂದು ತೀರ್ಪಾಗಿ, ಮರುವರ್ಷ ಆತನಿಗೆ ಆರು ವರ್ಷಗಳಿಗೂ ಮಿಕ್ಕ ಸೆರೆವಾಸ ವಿಧಿಸಲ್ಪಟ್ಟಿತು. ಈ ಶಾಸನವು ಸಂವಿಧಾನಕ್ಕೆ ಒಪ್ಪುವಂಥದೇ ಎಂದು ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ಹೇಳಿತು. ಒಪ್ಪಿಗೆ ಎಂಬ ಪದವನ್ನು ಅದರ ಸಂದರ್ಭದಿಂದ ಬೇರ್ಪಡಿಸಿ ಓದಬಾರದೆಂಬ ಸಾಹಿತ್ಯದ ಮೊದಲ ಪಾಠವನ್ನೇ ನ್ಯಾಯಶಾಸ್ತ್ರವು ಇಲ್ಲಿ ಎತ್ತಿಹಿಡಿದಿದೆ.

ಈ ಮೇಳಗಳ ಬದುಕನ್ನು ಕಥೆಯಾಗಿ ಹೇಳಿದ ಕೃತಿಗಳಲ್ಲಿ ಹೆಚ್ಚು ಪ್ರಸಿದ್ಧವಾದುದು ಚಾರ್ಲ್ಸ್ ಸ್ಟೋನ್ ನಿರ್ದೇಶಿಸಿದ ‘ಡ್ರಂಲೈನ್’ ಎಂಬ 2002ರ ಚಲನಚಿತ್ರ. ಚಾಂಪಿಯನ್ ಬೆಳೆದ ಅಟ್ಲಾಂಟಾ ಪ್ರಾಂತದಲ್ಲಿಯೇ, ಕಲ್ಪಿತ ವಿಶ್ವವಿದ್ಯಾಲಯವೊಂದರಲ್ಲಿ, ಅದರ ಕಥೆ ನಡೆಯುತ್ತದೆ. ಸ್ವರಲಿಪಿಯನ್ನು ಓದಲರಿಯದ, ಆದರೆ ಕೈಯಲ್ಲಿ ದೈವದತ್ತ ಲಯವುಳ್ಳ ನ್ಯೂಯಾರ್ಕಿನ ಹುಡುಗನೊಬ್ಬನು ತನ್ನ ಗರ್ವವನ್ನು ಕಳೆದುಕೊಂಡು ಮೇಳದಲ್ಲಿ ಒಂದಾಗುವುದು ಅದರ ವಸ್ತು. ನೂರು ಕೈಗಳು ಒಂದೇ ಘಾತಕ್ಕೆ ಇಳಿಯುವ ಸೊಗಸನ್ನು ಆ ಚಿತ್ರ ಸೆರೆಹಿಡಿದಂತೆ ಬೇರೆ ಚಿತ್ರ ಹಿಡಿದುದನ್ನು ನಾವರಿಯೆವು. ನಾಯಕನೂ ಆತನ ಮೇಲೆ ಹಗೆ ಸಾಧಿಸಿದ ಹಿರಿಯ ಡೋಲುಗಾರನೂ ಕೊನೆಗೆ ಕೂಡಿ ಹೊಸ ಬಡಿತವೊಂದನ್ನು ರಚಿಸುವ ಭಾಗವಂತೂ ರಸವತ್ತಾದುದು. ಆದರೆ ಅದಕ್ಕೆ ಮುಂಚೆ ಹಿರಿಯರು ಹೊಸಬರನ್ನು ಗದರಿಸಿ ಹೀಯಾಳಿಸುವುದೆಲ್ಲವೂ ಶಿಕ್ಷಣದ ಅಂಗವೆಂಬಂತೆ ಸರಾಗವಾಗಿ ಸಾಗಿಹೋಗುತ್ತದೆ. ಬೆಳಗಿನ ಜಾವದ ಅಭ್ಯಾಸವೂ ಹಿರಿಯನ ಅಹಂಕಾರವೂ ಅಲ್ಲಿ ಒಂದೇ ಬಣ್ಣದಲ್ಲಿ ಕಾಣುತ್ತವೆ. ಅಭ್ಯಾಸವು ಮೈಯನ್ನು ಕಲೆಗೆ ಹದಗೊಳಿಸುವುದು; ಅವಮಾನವು ಮನಸ್ಸನ್ನು ಒಬ್ಬನ ಇಚ್ಛೆಗೆ ಬಗ್ಗಿಸುವುದು. ಇವುಗಳ ನಡುವಣ ಗೆರೆಯನ್ನು ಎಳೆಯದೆ ಬಿಟ್ಟದ್ದು ಆ ಚಿತ್ರದ ಮುಖ್ಯ ಲೋಪ. ಒಂಬತ್ತು ವರ್ಷಗಳ ತರುವಾಯ ನಡೆದ ದುರಂತಕ್ಕೆ ಚಿತ್ರವನ್ನು ಹೊಣೆ ಮಾಡುವುದು ಸರಿಯಲ್ಲವಾದರೂ, ದುರಂತವನ್ನು ಬಲ್ಲ ನಮ್ಮ ಕಣ್ಣಿಗೆ ಆ ಗೆರೆಯಿಲ್ಲದಿರುವುದು ಕಾಣದೆ ಇರದು.

ಪೆಟ್ಟಿಲ್ಲದೆ ಶಿಸ್ತಿಲ್ಲ, ಶಿಸ್ತಿಲ್ಲದೆ ಕಲೆಯಿಲ್ಲವೆಂದು ವಾದಿಸುವವರು ನಮ್ಮಲ್ಲಿಯೂ ಇಲ್ಲದಿಲ್ಲ. ಅವರಿಗೆ ಉತ್ತರವು ಮಾರ್ಚಿಂಗ್ ಹಂಡ್ರೆಡ್‌ನ ಇತಿಹಾಸದಲ್ಲಿಯೇ ಇದೆ. ದುರಂತದ ಬಳಿಕ ಮೇಳವನ್ನು ನಿಲ್ಲಿಸಲಾಯಿತು. 2012ರಲ್ಲಿ ಮೇಳದ ನಿರ್ದೇಶಕರು ನಿವೃತ್ತರಾದರು, ವಿಶ್ವವಿದ್ಯಾಲಯದ ಅಧ್ಯಕ್ಷರು ರಾಜೀನಾಮೆಯಿತ್ತರು. 2013ರಲ್ಲಿ ಮೇಳವು ಕಟ್ಟುನಿಟ್ಟಾದ ಹೊಸ ನಿಯಮಗಳೊಡನೆ ಮತ್ತೆ ಮೈದಾನಕ್ಕಿಳಿಯಿತು. ಆ ಬಸ್ಸಿನ ಆಚಾರವು ಮೇಳದ ಉಸಿರೇ ಆಗಿದ್ದಿದ್ದರೆ, ಅದನ್ನು ನಿಷೇಧಿಸಿದ ಮೇಲೆ ನಾದವು ಉಳಿಯಬಾರದಿತ್ತು. ನಾದವು ಉಳಿಯಿತು.

ಚಾಂಪಿಯನ್ನನ ಹೆತ್ತವರು ಮಗನ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಸ್ಥಾಪಿಸಿ, ಪೀಡನೆಯ ವಿರುದ್ಧ ಆತನು ತಳೆದ ನಿಲುವನ್ನು ಮುಂದುವರಿಸಿದರು. ಅದು ಹೆತ್ತವರ ಕರ್ತವ್ಯವಾಯಿತು. ಆತನ ಚರಿತ್ರೆಯನ್ನು ಬರೆಯುವವನ ಕರ್ತವ್ಯವು ಬೇರೆ. ಆತನು ಕ್ಲಾರಿನೆಟ್ ಕಲಿತ ವರ್ಷಗಳನ್ನೂ, ದಂಡ ಹಿಡಿದು ನಡೆದ ಮೈದಾನಗಳನ್ನೂ ಮೊದಲು ಹೇಳಲಿ. ಬಸ್ಸಿನ ಒಂದು ರಾತ್ರಿಗೆ ಒಂದು ರಾತ್ರಿಯಷ್ಟೇ ಸ್ಥಳವನ್ನು ಕೊಡಲಿ. ಆತನ ವಿರೋಧವನ್ನೂ ಆತನ ಹಂಬಲವನ್ನೂ ಒಂದೇ ಪುಟದಲ್ಲಿ, ಒಂದನ್ನು ಇನ್ನೊಂದಕ್ಕೆ ಬಲಿಗೊಡದೆ, ಬರೆಯುವ ಧೈರ್ಯ ಆತನಿಗೆ ಇರಲಿ. ಅಂಥ ಪುಸ್ತಕವನ್ನು ಓದಿದ ಯಾವನಾದರೊಬ್ಬ ಹಿರಿಯ ವಿದ್ಯಾರ್ಥಿಯು, ಎದುರಿಗೆ ನಿಂತ ಹೊಸಬನು ‘ಒಪ್ಪಿದ್ದೇನೆ’ ಎಂದಾಗ, ಎತ್ತಿದ ಕೈಯನ್ನು ಕೆಳಗಿಳಿಸಿದರೆ ಆ ಬರವಣಿಗೆ ಸಾರ್ಥಕವಾಯಿತೆಂದು ನಾವು ತಿಳಿಯುವೆವು.