ವಿಳಂಬದ ಸಾಕ್ಷ್ಯ, ಮೌನದ ಸಾಕ್ಷ್ಯ

ಗ್ಯಾಮಾ ಕಿರಣಸ್ಫೋಟಗಳ ಬಳಿಕ ತಡವಾಗಿ ಬರುವ ಅಧಿಕಶಕ್ತಿಯ ಕಿರಣಗಳಿಂದ ಗೆಲಾಕ್ಸಿಗಳ ನಡುವಣ ಕಾಂತಕ್ಷೇತ್ರವನ್ನು ಅಳೆಯಬಹುದೆಂದು 1995ರಲ್ಲಿ ರೈನರ್ ಪ್ಲಾಗಾ ಅವರು ಸೂಚಿಸಿದರು. ಗೆಲಾಕ್ಸಿಗಳ ಕಾಂತತ್ವವು ವಿಶ್ವದ ಆದಿಯಿಂದಲೇ ಬಂದುದೋ ಅಲ್ಲವೋ ಎಂಬ ದೊಡ್ಡ ಪ್ರಶ್ನೆ ಈ ಅಳತೆಯನ್ನು ಅವಲಂಬಿಸಿದೆ. ಭೌತವಿಜ್ಞಾನ ನಮ್ಮ ಕ್ಷೇತ್ರವಲ್ಲ. ಆದರೆ ಸಾಕ್ಷಿ ಎಷ್ಟನ್ನು ಹೇಳಬಲ್ಲದೆಂಬ ವಿವೇಚನೆ ಚರಿತ್ರಕಾರನ ನಿತ್ಯದ ಕೆಲಸವಾದುದರಿಂದ, ಆ ಒಂದು ದೃಷ್ಟಿಯಿಂದ ಈ ವಾದವನ್ನು ಪರಿಶೀಲಿಸುತ್ತೇವೆ.

ವಾದದ ಮೂಲ ಸರಳವಾದುದು. ಅತ್ಯಧಿಕ ಶಕ್ತಿಯ ಗ್ಯಾಮಾ ಫೋಟಾನು, ನಕ್ಷತ್ರಗಳಿಂದ ಹೊಮ್ಮಿ ಆಕಾಶದಲ್ಲೆಲ್ಲ ಹರಡಿರುವ ಮಂದ ಬೆಳಕಿನೊಡನೆ ಸಂಧಿಸಿ, ಎಲೆಕ್ಟ್ರಾನ್ ಮತ್ತು ಪಾಸಿಟ್ರಾನ್‌ಗಳ ಜೋಡಿಯಾಗಿ ಮಾರ್ಪಡುತ್ತದೆ. ಈ ಕಣಗಳು ವಿಶ್ವದ ಹಿನ್ನೆಲೆ ವಿಕಿರಣಕ್ಕೆ ತಮ್ಮ ಶಕ್ತಿಯನ್ನಿತ್ತು, ಕಡಿಮೆ ಶಕ್ತಿಯ ಗ್ಯಾಮಾ ಕಿರಣಗಳನ್ನು ಹುಟ್ಟಿಸುತ್ತವೆ. ನಡುವೆ ಕಾಂತಕ್ಷೇತ್ರವಿದ್ದರೆ ಕಣಗಳ ಹಾದಿ ಬಾಗುತ್ತದೆ. ಬಾಗಿದಷ್ಟೂ ಕಿರಣ ತಡವಾಗುತ್ತದೆ.

ಆದರೆ ತಡವಾಗಿ ಬಂದುದೆಲ್ಲ ಹಾದಿಯಲ್ಲಿ ತಡೆದುದೇ ಆಗಬೇಕಿಲ್ಲ. ತಡವಾಗಿ ಹೊರಟುದೂ ಆಗಿರಬಹುದು. 1994ರ ಫೆಬ್ರವರಿ 17ರ ಸ್ಫೋಟದಿಂದ 18 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಫೋಟಾನೊಂದು ಒಂದು ಗಂಟೆಗೂ ಮೀರಿ ತಡವಾಗಿ ಕಾಂಪ್ಟನ್ ಉಪಗ್ರಹಕ್ಕೆ ದೊರೆಯಿತು. 2022ರ ಅಕ್ಟೋಬರ್ 9ರ ಸ್ಫೋಟದಲ್ಲಾದರೋ ಚೀನದ ಲಾಸೊ ವೀಕ್ಷಣಾಲಯವು ಮೊದಲ 3000 ಸೆಕೆಂಡುಗಳಲ್ಲಿ 64,000ಕ್ಕೂ ಹೆಚ್ಚು ಫೋಟಾನುಗಳನ್ನು ಗುರುತಿಸಿತು. ಇವು ಸ್ಫೋಟದ ಮೂಲದಲ್ಲೇ ಉಳಿದ ಉತ್ತರದೀಪ್ತಿಯಿಂದ ಬಂದುವೆಂದು ವಿವರಿಸಲಾಗಿದೆ. ಆದುದರಿಂದ ವಿಳಂಬವೊಂದೇ ಕ್ಷೇತ್ರಕ್ಕೆ ಸಾಕ್ಷಿಯಾಗಲಾರದು.

2010ರಲ್ಲಿ ನೆರೊನೊವ್ ಮತ್ತು ವೊವ್ಕ್ ಅವರು ಬೇರೆ ಹಾದಿ ಹಿಡಿದರು. ಬ್ಲೇಜಾರ್‌ಗಳೆಂಬ ಉಜ್ವಲ ಗೆಲಾಕ್ಸಿಕೇಂದ್ರಗಳಿಂದ ನಿರೀಕ್ಷಿತ ದ್ವಿತೀಯ ಕಿರಣಗಳು ಫರ್ಮಿ ದೂರದರ್ಶಕಕ್ಕೆ ಕಾಣಲಿಲ್ಲ. ಆದುದರಿಂದ ಕ್ಷೇತ್ರವು ಸುಮಾರು 3×10⁻¹⁶ ಗೌಸಿಗಿಂತ ಕಡಿಮೆಯಿರಲಾರದೆಂದರು. ಇದು ಮೌನದಿಂದ ಹೊರಟ ವಾದ. ಶಾಸನವೊಂದು ಒಬ್ಬ ಅರಸನ ಹೆಸರೆತ್ತದಿದ್ದರೆ ಅರಸನೇ ಇರಲಿಲ್ಲವೆನ್ನಲಾಗದು. ಹೆಸರೆತ್ತಲೇಬೇಕಾದ ಪ್ರಸಂಗ ಅದಾಗಿತ್ತೆಂದು ಮೊದಲು ತೋರಿಸಬೇಕು. ಬ್ಲೇಜಾರ್ ಎಂದಿನಿಂದ ಬೆಳಗುತ್ತಿದೆಯೆಂಬುದು ಗೊತ್ತಿಲ್ಲದಾಗ ಈ ಷರತ್ತು ಪೂರೈಸುವುದಿಲ್ಲ. ಕೆಲವೇ ವರ್ಷಗಳ ಬೆಳಕೆಂದು ಭಾವಿಸಿದೊಡನೆ ಮಿತಿಯು ಸುಮಾರು 10⁻¹⁸ ಗೌಸಿಗೆ ಇಳಿಯುತ್ತದೆಂದು 2011ರಲ್ಲಿ ಡರ್ಮರ್ ಮುಂತಾದವರು ತೋರಿಸಿದರು. ಕಣಗಳು ಹಾದಿಯ ಪ್ಲಾಸ್ಮಾದಲ್ಲೇ ಶಕ್ತಿಯನ್ನು ಕಳೆದುಕೊಳ್ಳಬಹುದೆಂಬ 2012ರ ಬ್ರಾಡರಿಕ್ ಮುಂತಾದವರ ವಾದವೂ ಇದೇ ಮೌನಕ್ಕೆ ಮತ್ತೊಂದು ಕಾರಣವನ್ನು ಒದಗಿಸುತ್ತದೆ.

ಇಲ್ಲಿಯೇ ಪ್ಲಾಗಾ ಅವರ ಸೂಚನೆಯ ನಿಜವಾದ ಬೆಲೆ ಇದೆ. ಬ್ಲೇಜಾರ್ ಕಾಲನಿರ್ದೇಶವಿಲ್ಲದ ಶಾಸನ; ಸ್ಫೋಟವಾದರೋ ತಿಥಿಸಹಿತವಾದುದು. ಕಿರಣದ ಶಕ್ತಿ ಕುಗ್ಗಿದಂತೆ ವಿಳಂಬವು ಸಿದ್ಧಾಂತ ಹೇಳುವ ಪ್ರಮಾಣದಲ್ಲೇ ಹೆಚ್ಚಬೇಕು. ಬೇರೆ ಬೇರೆ ದೂರದ ಸ್ಫೋಟಗಳು ಪರಸ್ಪರ ಹೊಂದುವ ಉತ್ತರ ಕೊಡಬೇಕು. ಅಂಥ ಸಾಕ್ಷ್ಯ ಕೂಡಿಬರುವವರೆಗೆ, ಮಿತಿಯ ಸಂಖ್ಯೆಯನ್ನು ಅದು ಆಧರಿಸಿದ ಊಹೆಯೊಡನೆಯೇ ಉದ್ಧರಿಸತಕ್ಕುದೆಂಬುದು ನಮ್ಮ ಅಭಿಪ್ರಾಯ.