‘ಶೂದ್ರ ತಪಸ್ವಿ’ಯಲ್ಲಿ ಪೂರ್ವಗ್ರಹದ ನಿರೂಪಣೆ

ಕಾಣುವುದಕ್ಕೆ ಮುನ್ನವೇ ನಿರ್ಣಯಿಸುವ ಬುದ್ಧಿಗೆ ಪೂರ್ವಗ್ರಹವೆಂದು ಹೆಸರು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರ ‘ಶೂದ್ರ ತಪಸ್ವಿ’ (1944) ನಾಟಕದ ಜೀವಾಳ ಈ ಬುದ್ಧಿಯ ಪರೀಕ್ಷೆಯೇ.

ಉತ್ತರಕಾಂಡದಲ್ಲಿ ಬ್ರಾಹ್ಮಣಪುತ್ರನು ಅಕಾಲದಲ್ಲಿ ಮೃತನಾಗಲು, ಶೂದ್ರನ ತಪಸ್ಸೇ ಕಾರಣವೆಂದು ನಾರದನು ನುಡಿಯುತ್ತಾನೆ. ರಾಮನು ಶಂಬೂಕನನ್ನು ಖಡ್ಗದಿಂದ ವಧಿಸುತ್ತಾನೆ. ಭವಭೂತಿಯು ‘ಉತ್ತರರಾಮಚರಿತ’ದ ದ್ವಿತೀಯಾಂಕದಲ್ಲಿ ರಾಮನ ಕೈಯನ್ನು ಅಳುಕಿಸಿ, ಹತನಾದ ಶಂಬೂಕನಿಗೆ ದಿವ್ಯರೂಪವನ್ನಿತ್ತನು, ಕರುಣೆ ಮೂಡಿತು, ವಿಚಾರ ಮೂಡಲಿಲ್ಲ. ಕುವೆಂಪು ಅವರಲ್ಲಿಯಾದರೋ ರಾಮನು ಪ್ರಯೋಗಿಸಿದ ಬ್ರಹ್ಮಾಸ್ತ್ರವು ತಪಸ್ವಿಯನ್ನು ಬಿಟ್ಟು ದೂರು ತಂದ ವೃದ್ಧನನ್ನೇ ಬೆನ್ನಟ್ಟುತ್ತದೆ.

ನ್ಯಾಯಶಾಸ್ತ್ರದ ದೃಷ್ಟಿಯಿಂದ ವೃದ್ಧನ ತರ್ಕವು ಹೇತ್ವಾಭಾಸ. ಅನ್ಯರಲ್ಲಿ ಪುಣ್ಯಹೇತುವಾದ ತಪಸ್ಸು ಶಂಬೂಕನಲ್ಲಿ ಪಾಪಹೇತುವಾಗಲು ಅವನ ಜನ್ಮವೊಂದೇ ಆಧಾರ. ಸಾಧಿಸಬೇಕಾದುದನ್ನೇ ಹೇತುವೆಂದು ಮುಂದಿಟ್ಟಂತಾಯಿತು. ಪುತ್ರಶೋಕವು ಕಾರಣವನ್ನು ಅರಸುತ್ತದೆ. ಹಳೆಯ ತಿರಸ್ಕಾರವು ಅದನ್ನು ಸಿದ್ಧವಾಗಿ ಒದಗಿಸುತ್ತದೆ. ತನ್ನ ದುಃಖದ ಭಾರವನ್ನು ದುರ್ಬಲನ ಮೇಲೆ ಇಳಿಸುವ ಈ ಮನೋವ್ಯಾಪಾರ ಲೋಕದಲ್ಲಿ ಸರ್ವತ್ರ ಕಾಣತಕ್ಕದ್ದು.

ಮೂಲಕಥೆಯನ್ನು ಹೀಗೆ ಮಾರ್ಪಡಿಸಬಾರದೆಂದು ಮಾಸ್ತಿಯವರು ಆಕ್ಷೇಪಿಸಿದರು. ಸೀತಾರಾಮರನ್ನು ಕೊನೆಗೆ ಕೂಡಿಸಿದ ಭವಭೂತಿಗೆ ಸಂದ ಸ್ವಾತಂತ್ರ್ಯ ಕನ್ನಡ ಕವಿಗೂ ಸಲ್ಲಬೇಕಾದುದರಿಂದ ಆ ಆಕ್ಷೇಪ ನಿಲ್ಲದು. ದೋಷವಿರುವುದು ಬೇರೆಡೆ: ವೃದ್ಧನ ಪರಿವರ್ತನೆಯಲ್ಲಿ ಅಸ್ತ್ರಭೀತಿಯ ಪಾಲು ಅಧಿಕ. ಭೀತಿಯು ತಲೆಯನ್ನು ಬಾಗಿಸಬಲ್ಲದು. ಗ್ರಹವನ್ನು ಬಿಡಿಸುವುದು ವಿವೇಕವೊಂದೇ. ಆದರೂ ತೀರ್ಪಿತ್ತವನ ಚಿತ್ತವನ್ನೇ ಪರೀಕ್ಷೆಗೊಡ್ಡಿದುದು ಈ ಕೃತಿಯ ಸ್ಥಿರವಾದ ಹಿರಿಮೆ.