ಬಸುರಿ ಗದ್ದೆಯ ಮುಂದೆ

ಅತ್ತಿಗುಂಡಿಯ ಹೋಂಸ್ಟೇಯಲ್ಲಿ ಇಳಿದುಕೊಂಡಿದ್ದ ಜರ್ಮನಿಯ ಹೆಣ್ಣುಮಗಳೊಬ್ಬಳನ್ನು ಒಮ್ಮೆ ಭೂಮಿ ಹುಣ್ಣಿಮೆಗೆ ಕರೆದುಕೊಂಡು ಹೋಗಿದ್ದೆ. ಗದ್ದೆಯ ಬದುವಿನ ಮೇಲೆ ನಿಂತು ಅವಳು ಕೇಳಿದ್ದು ಒಂದೇ ಮಾತು: ‘ಸುಗ್ಗಿ ಹಬ್ಬ ಅಂದಿರಿ, ಪೈರು ಇನ್ನೂ ಹಸಿರಾಗಿದೆಯಲ್ಲ?’ ತಪ್ಪು ನನ್ನದೇ. ಹೊರಗಿನವರಿಗೆ ಸುಲಭವಾಗಿ ತಿಳಿಯಲಿ ಎಂದು ಸುಗ್ಗಿಯ ಹೆಸರು ಹೇಳಿದ್ದೆ. ಆ ಹೆಸರಿಟ್ಟುಕೊಂಡು ನೋಡಿದರೆ ಈ ಹಬ್ಬದ ಒಂದು ಎಳೆಯೂ ಕೈಗೆ ಸಿಗುವುದಿಲ್ಲ.

ಇದು ಭೂಮಿಯ ಸೀಮಂತ. ಆಶ್ವಯುಜದ ಹುಣ್ಣಿಮೆ ಬರುವ ಹೊತ್ತಿಗೆ ಮಲೆನಾಡಿನ ಬತ್ತ ಹೊಡೆಗೆ ಬಂದಿರುತ್ತದೆ. ತೆನೆ ಹೊರಗೆ ಕಾಣುವುದಿಲ್ಲ, ಎಲೆಯ ಒರೆಯೊಳಗೆ ಮಲಗಿರುತ್ತದೆ. ಹೊಡೆ ತುಂಬಿದ ಗದ್ದೆಗೆ ನಮ್ಮ ಕಡೆ ಬಸುರಿ ಎನ್ನುತ್ತಾರೆ. ತಮಿಳುನಾಡಿನ ಪೊಂಗಲ್ ಕೊಯ್ಲು ಮುಗಿದ ಮೇಲಿನದು, ಕೊಡಗಿನ ಹುತ್ತರಿ ಮೊದಲ ಕದಿರು ಕುಯ್ಯುವ ರಾತ್ರಿಯದು. ಭೂಮಿ ಹುಣ್ಣಿಮೆ ಅವೆರಡಕ್ಕೂ ಮುಂಚಿನದು, ಕಾಳು ಕಟ್ಟುತ್ತದೋ ಜೊಳ್ಳಾಗುತ್ತದೋ ಯಾರಿಗೂ ತಿಳಿಯದ ಹೊತ್ತಿನದು. ಹೊಡೆಯ ಕಾಲದಲ್ಲಿ ನೀರು ತಪ್ಪಿದರೆ, ಬೆಂಕಿರೋಗ ಬಿದ್ದರೆ ಮಳೆಗಾಲದ ದುಡಿಮೆಯೆಲ್ಲ ಹೊಟ್ಟಾಗುತ್ತದೆ. ಆ ಅಂಜಿಕೆಯ ನಡುವೆ ಬಡಿಸುವ ಊಟ ಇದು. ಒಡಿಶಾದ ರೈತರೂ ಇದೇ ಅಕ್ಟೋಬರ್‌ನಲ್ಲಿ ಗರ್ಭಣ ಸಂಕ್ರಾಂತಿ ಮಾಡಿ ಬತ್ತದ ಪೈರನ್ನು ಬಸುರಿಯೆಂದೇ ಪೂಜಿಸುತ್ತಾರೆ ಎಂದಾಗ ಅತಿಥಿಯ ಮುಖ ಬೆಳಗಿತು.

ಅತ್ತಿಗುಂಡಿಯ ಸುತ್ತ ಕಣ್ಣಿಗೆ ಬೀಳುವುದು ಕಾಫಿ ತೋಟ, ಶೋಲಾ ಕಾಡು, ಹುಲ್ಲುಗುಡ್ಡ. ಬಾಬಾ ಬುಡನ್ ಮೋಖಾದಿಂದ 7 ಬೀಜ ತಂದ ಕಥೆಯನ್ನು ಇಲ್ಲಿ ಎಲ್ಲರೂ ಹೇಳುತ್ತಾರೆ. ಕಾಫಿ ನಮಗೆ ಅನ್ನ ಕೊಟ್ಟಿದೆ, ಆದರೂ ಬಯಕೆಯ ಊಟ ಉಣ್ಣುವುದು ಬತ್ತವೇ. ಹಾಗಾಗಿ ಹಬ್ಬಕ್ಕೆ ಗುಡ್ಡ ಇಳಿದು ಕೊಲ್ಲಿಯ ಗದ್ದೆಗಳಿಗೆ ಬರಬೇಕು.

ಮೊದಲು ಪೈರನ್ನು ಮುಟ್ಟಿ ನೋಡಿ. ಬುಡದಿಂದ ಮೇಲಕ್ಕೆ ಬೆರಳು ಸವರುತ್ತ ಬಂದರೆ ಒಂದು ಕಡೆ ಮೆತ್ತಗೆ ಉಬ್ಬಿದ್ದು ಸಿಗುತ್ತದೆ. ಅದೇ ಹೊಡೆ. ಸೀಳಿ ನೋಡುವ ಆಸೆಯಾದರೂ ಸೀಳಬೇಡಿ. ಅವತ್ತು ಗದ್ದೆಯಲ್ಲಿ ಯಾರೂ ಕುಡುಗೋಲು ಎತ್ತುವುದಿಲ್ಲ. ಆ ಉಬ್ಬು ಬೆರಳಿಗೆ ತಿಳಿದ ಮೇಲೆ ಹಬ್ಬದ ಉಳಿದ ಕೆಲಸಗಳೆಲ್ಲ ತಾವಾಗಿ ಅರ್ಥವಾಗುತ್ತವೆ. ಪೈರಿನ ಕೊರಳಿಗೆ ಕರಿಮಣಿ ಯಾಕೆ, ಅರಿಸಿನ ಕುಂಕುಮ ಯಾಕೆ, ಇಷ್ಟೊಂದು ಬಗೆಯ ಸೊಪ್ಪು ಯಾಕೆ ಎಂದು ಕೇಳಬೇಕಾಗಿಲ್ಲ. ಬಸುರಿಗೆ ಏನೇನು ತಿನ್ನಬೇಕು ಅನಿಸುತ್ತದೋ ಅದೆಲ್ಲ ಇಲ್ಲಿದೆ.

ನನ್ನನ್ನು ಕೇಳಿದರೆ ಹಬ್ಬದ ಮುಖ್ಯ ಜಾಗ ಅಡುಗೆಮನೆ. ಹಿಂದಿನ ದಿನವೇ ಹೆಂಗಸರು, ಮಕ್ಕಳು ಬೇಲಿ, ಹಿತ್ತಿಲು, ಹಳ್ಳದ ದಂಡೆ ಸುತ್ತಿ ಕುಡಿ ಕೊಯ್ದು ತರುತ್ತಾರೆ: ಹರಿವೆ, ಬಸಳೆ, ಕೆಸು, ಗಣಿಕೆ, ಒಂದೆಲಗ, ಕುಂಬಳದ ಕುಡಿ. ನೂರೊಂದು ಬಗೆ ಇರಬೇಕೆಂಬ ಮಾತುಂಟು. ಲೆಕ್ಕ ತುಂಬುತ್ತದೋ ಇಲ್ಲವೋ, ಯಾವ ಕುಡಿ ತಿನ್ನಬಹುದು, ಯಾವುದು ತುರಿಸುತ್ತದೆ ಎಂಬ ತಿಳಿವಳಿಕೆ ಆ ಒಂದು ಸಂಜೆಯಲ್ಲಿ ಅಜ್ಜಿಯಿಂದ ಮೊಮ್ಮಗಳಿಗೆ ದಾಟುತ್ತದೆ. ಆಮೇಲೆ ರಾತ್ರಿಯಿಡೀ ಒಲೆ ಆರುವುದಿಲ್ಲ. ಸೌತೆಕಾಯಿ ಕಡುಬು, ಚೀನಿಕಾಯಿ ಕಡುಬು, ಹಲಸಿನೆಲೆಯ ಕೊಟ್ಟೆ ಕಡುಬು, ಅಮಟೆಕಾಯಿಯ ಹುಳಿ, ಪಾಯಸ. ಅಂಗಳದಲ್ಲಿ ಕ್ಯಾಮೆರಾ ಹಿಡಿದು ಕಾಯುವ ಅತಿಥಿಗೆ ಈ ಭಾಗವೆಲ್ಲ ತಪ್ಪಿಹೋಗುತ್ತದೆ. ‘ಬಾ ಮಗಾ, ಕೂತ್ಕ’ ಎಂದು ಅಜ್ಜಿ ಮಣೆ ಸರಿಸಿದರೆ ಕೂತು ಸೊಪ್ಪು ಬಿಡಿಸಿ. ಭಾಷೆ ಬಾರದಿದ್ದರೂ ಕೈಗೆ ಕೆಲಸ ಇರುತ್ತದೆ.

ಬೆಳಕು ಹರಿಯುವ ಮುಂಚೆ ಗಂಡಸರು ದೊಂದಿ ಹಿಡಿದು ಚರಗ ಬೀರಲು ಹೊರಡುತ್ತಾರೆ. ಬೇಯಿಸಿದ ಬೆರಕೆ ಸೊಪ್ಪನ್ನೂ ಅನ್ನವನ್ನೂ ಕಲಸಿದ್ದೇ ಚರಗ. ಅದನ್ನು ಗದ್ದೆಗೆ ಎರಚುತ್ತ, ಸೊಪ್ಪಿನ, ತರಕಾರಿಯ ಹೆಸರು ಹಿಡಿದು, ಭೂಮಿತಾಯಿಗೆ ಉಣ್ಣಲು ಬಾ ಎಂದು ಕೂಗುತ್ತಾರೆ. ಈಗ ಮೊಬೈಲ್ ಬೆಳಕು ಆರಿಸಿ, ಬದುವಿನ ಮೇಲೆ ಸುಮ್ಮನೆ ನಿಲ್ಲಿ. ಕಿವಿಯಿಂದ ಸವಿಯಬೇಕಾದ ಹೊತ್ತು ಇದು. ಹತ್ತಿರದ ಕೂಗು ಮುಗಿಯುವಷ್ಟರಲ್ಲಿ ಹಳ್ಳದ ಆಚೆಯ ಗದ್ದೆಯಿಂದ ಮತ್ತೊಂದು ಏಳುತ್ತದೆ, ಅದರ ಬಾಲ ಹಿಡಿದು ಇನ್ನೂ ದೂರದ್ದು ತೇಲಿ ಬರುತ್ತದೆ. ಒಂದು ಮನೆಯ ಹಬ್ಬ ಕಣಿವೆಯ ಹಬ್ಬವಾಗುವುದು ಈ ಕೂಗುಗಳಲ್ಲಿ. ಸೊಪ್ಪು ಬೀರುವುದರಿಂದ ಕೀಟ ಬರುವುದಿಲ್ಲ ಎಂದು ವಿವರಿಸುವವರು ಸಿಗುತ್ತಾರೆ. ಬಸುರಿಗೆ ಬಡಿಸುವ ಊಟಕ್ಕೆ ಅಂಥ ಸಮರ್ಥನೆ ಬೇಕೆಂದು ನನಗೆ ಎಂದೂ ಅನಿಸಿಲ್ಲ.

ಬೆಳಗಾಗುವಾಗ ಪಶ್ಚಿಮದ ಕಡೆ ತಿರುಗಿ ನೋಡಲು ಮರೆಯಬೇಡಿ. ಹುಣ್ಣಿಮೆಯಾದ್ದರಿಂದ ಚಂದ್ರ ಆ ಗುಡ್ಡದ ಹಿಂದೆ ಇಳಿಯುವ ಹೊತ್ತಿಗೇ ಸೂರ್ಯ ಈ ಕಡೆ ಏಳುತ್ತಾನೆ. ಮಂಜು ಇರದಿದ್ದರೆ ಎರಡೂ ಒಟ್ಟಿಗೆ ಕಾಣುತ್ತವೆ.

ಆಮೇಲೆ ಮನೆಮಂದಿಯೆಲ್ಲ ಬುಟ್ಟಿ ಹೊತ್ತು ಬರುತ್ತಾರೆ. ಅದರಲ್ಲೊಂದನ್ನು ನನಗೂ ಕೊಡಿ ಎಂದು ಕೇಳಿ ಹೊತ್ತುಕೊಳ್ಳಿ. ಸಾಗರ, ಸೊರಬದ ಕಡೆಯ ದೀವರ ಮನೆಗಳಲ್ಲಿ ಈ ಬುಟ್ಟಿಯೇ ಒಂದು ಕಲೆ. ಸಗಣಿ ಸಾರಿಸಿ, ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಹೆಂಗಸರು ಬರೆಯುವ ಚಿತ್ತಾರದ ಬುಟ್ಟಿಗೆ ಭೂಮಣ್ಣಿ ಬುಟ್ಟಿ ಎಂದು ಹೆಸರು. ಆ ಕಡೆ ಹೋಗುವವರು ಎರಡು ದಿನ ಮುಂಚೆ ಹೋಗಿ ಬರೆಯುವ ಕೈಯನ್ನೇ ನೋಡಬೇಕು. ನಾರಿನ ಕುಂಚದಿಂದ ಎಳೆದ ಆ ಗೆರೆಗಳು ನಡುಗುವುದಿಲ್ಲ.

ಗದ್ದೆಗಿಳಿಯುವಾಗ ಚಪ್ಪಲಿ ಬದುವಿನ ಮೇಲೇ ಇರಲಿ. ಇಂಬಳ ಹತ್ತಿದರೆ ಗಾಬರಿಯಾಗಬೇಡಿ, ಸುಣ್ಣ ಮುಟ್ಟಿಸಿದರೆ ಬಿಡುತ್ತದೆ. ಪೂಜೆ ಮುಗಿದ ಮೇಲೆ ಎಡೆಯಿಂದ ಕಾಗೆಗೆ ಒಂದು ಪಾಲು, ಇಲಿಗೊಂದು ಪಾಲು. ಕೆಲವು ಮನೆಯವರು ಒಂದು ಕಡುಬನ್ನು ಗದ್ದೆಯಲ್ಲೇ ಹೂಳಿ, ಕೊಯ್ಲಿನ ದಿನ ತೆಗೆಯುತ್ತಾರೆ. ನಮ್ಮ ಊಟ ಕೊನೆಯಲ್ಲಿ, ಅಲ್ಲೇ ಬದುವಿನ ಮೇಲೆ, ಬಾಳೆ ಎಲೆಯಲ್ಲಿ. ಉಪ್ಪು ಖಾರ ಕಡಿಮೆಯಾಗಿದೆ ಅನಿಸಬಹುದು. ಅಡುಗೆ ಮಾಡಿದ್ದು ನಿಮಗಾಗಿ ಅಲ್ಲ ಎಂಬುದು ನೆನಪಿರಲಿ.

ಹಬ್ಬ ನೋಡಬೇಕೆಂದು ಬರುವವರು ಹೆಚ್ಚುತ್ತಿದ್ದಾರೆ, ಗದ್ದೆ ಕಡಿಮೆಯಾಗುತ್ತಿದೆ. ಆಳು ಸಿಗದೆ, ಹಂದಿ, ಮಂಗಗಳ ಕಾಟ ತಾಳದೆ ಎಷ್ಟೋ ಮನೆಯವರು ಗದ್ದೆಗೆ ಅಡಿಕೆ ಹಾಕಿದ್ದಾರೆ, ಎಷ್ಟೋ ಕೊಲ್ಲಿಗಳು ಪಾಳು ಬಿದ್ದಿವೆ. ಗದ್ದೆ ಕಳೆದುಕೊಂಡವರು ಅಡಿಕೆ ಮರದ ಬುಡದಲ್ಲೇ ಎಡೆ ಇಡುತ್ತಾರೆ. ಅಲ್ಲಿಯೂ ಕಡುಬಿದೆ, ಸೊಪ್ಪಿದೆ. ಬೆರಳಿಗೆ ಸಿಗುವ ಹೊಡೆ ಮಾತ್ರ ಇಲ್ಲ. ಹಾಗಾಗಿ ಗದ್ದೆ ಉಳಿಸಿಕೊಂಡವರ ಮನೆಗೆ ಹೋಗುವಾಗ ಅವರ ಊರಿನ ಅಕ್ಕಿಯನ್ನೇ ಕೇಳಿ ಕೊಂಡುಕೊಳ್ಳಿ. ಅದಕ್ಕಿಂತ ದೊಡ್ಡ ಉಡುಗೊರೆ ಅವರಿಗೆ ಬೇಕಿಲ್ಲ.

ಅತ್ತಿಗುಂಡಿಯಲ್ಲಿ ಉಳಿಯುವವರು ಹುಣ್ಣಿಮೆಯ ಹಿಂದಿನ ಮಧ್ಯಾಹ್ನವೇ ಗುಡ್ಡ ಇಳಿದು ಬನ್ನಿ. ಸೊಪ್ಪು ಬಿಡಿಸಲು ಕೈ ಸಾಲುತ್ತಿರುವುದಿಲ್ಲ.